ಹಳೆ ಕಾರಿನ ಎಸಿಗೆ ಹೊಸ ಗ್ಯಾಸ್: ಬರೀ ಗ್ಯಾಸ್ ಹೊಡೆಸಿದ್ರೆ ಕಂಪ್ರೆಸರ್ ಹೋಗುತ್ತೆ, ಏನೇನು ಬದಲಿಸಬೇಕು ಗೊತ್ತಿರಲಿ

ರಾಯಚೂರು: ಏಪ್ರಿಲ್ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವರ್ಷವಿಡೀ ಮರೆತಿದ್ದ ಕಾರಿನ ಎಸಿ ನೆನಪಾಗೋದೇ ಆಗ. ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆ 1990ರ ದಶಕದ ಕಾರುಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಹಳೆ ಮಾರುತಿ 800, ಎಸ್ಟೀಮ್, ಕಾಂಟೆಸ್ಸಾ, ಆಮೇಲೆ ಎಸಿ ಕೂಡಿಸಿದ ಅಂಬಾಸಿಡರ್, ಪದ್ಮಿನಿ. ಇಂಥ ಕಾರು ತಗೊಂಡು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಬರುವ ಉತ್ತರ ಇದು: "ಇದರಾಗ ಹಳೇ ಗ್ಯಾಸ್ ಐತ್ರೀ, ಅದು ಈಗ ಸಿಗಂಗಿಲ್ಲ. 134 ಹೊಡದು ಕೊಡ್ತೀನಿ, ತಣ್ಣಗ ಆಗ್ತದ."

ಹಳೆ ಗ್ಯಾಸ್ ಸಿಗಲ್ಲ ಅನ್ನೋದು ನಿಜ. 134 ಹೊಡೆದರೆ ತಣ್ಣಗಾಗುತ್ತೆ ಅನ್ನೋದೂ ಕೆಲವು ದಿನದ ಮಟ್ಟಿಗೆ ನಿಜ. ಆದರೆ ಹಳೆ ಗ್ಯಾಸಿನ ಎಣ್ಣೆ, ಹಳೆ ಡ್ರೈಯರ್ ಹಾಗೇ ಬಿಟ್ಟು ಮೇಲೆ ಹೊಸ ಗ್ಯಾಸ್ ತುಂಬಿದರೆ ಒಂದೆರಡು ಬೇಸಿಗೆಯೊಳಗೆ ಕಂಪ್ರೆಸರ್ ಜಾಮ್ ಆಗುವ ಸಾಧ್ಯತೆ ಹೆಚ್ಚು. ಆಗ ಬರುವ ಖರ್ಚು ಗ್ಯಾಸಿನ ಖರ್ಚಿನ ಎಷ್ಟೋ ಪಟ್ಟು. ಈ ಕೆಲಸದಲ್ಲಿ ಗ್ಯಾಸೇ ಅಗ್ಗದ ಭಾಗ. ದುಡ್ಡು, ಸಮಯ ಹೋಗಬೇಕಾದ್ದು ಉಳಿದದ್ದಕ್ಕೆ.

ಹಳೆ ಗ್ಯಾಸ್ ಯಾಕೆ ಸಿಗಲ್ಲ?

ಮೆಕ್ಯಾನಿಕ್‌ಗಳು ಫ್ರಿಯಾನ್ ಅಂತಲೋ ಬರೀ '12' ಅಂತಲೋ ಕರೆಯುವ ಗ್ಯಾಸ್ ಆರ್-12. 1930ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಫ್ರಿಜ್‌ಗಾಗಿ ತಯಾರಿಸಿದ್ದು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದವನೂ ಇದೇ ಮಿಡ್ಗ್ಲಿ. ಅಲ್ಲಿಯವರೆಗೆ ಫ್ರಿಜ್‌ಗಳಲ್ಲಿ ಇದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಸೋರಿದರೆ ಜೀವಕ್ಕೇ ಅಪಾಯವಿತ್ತು. ಆರ್-12 ಉರಿಯಲ್ಲ, ವಿಷವಲ್ಲ, ವಾಸನೆಯಿಲ್ಲ. ಅದಕ್ಕೇ ಎಲ್ಲರೂ ಒಪ್ಪಿಕೊಂಡರು.

ತೊಂದರೆ ಗೊತ್ತಾಗಿದ್ದು 1974ರಲ್ಲಿ. ಈ ಗ್ಯಾಸ್ ಮೇಲಕ್ಕೆ ಹೋಗಿ ಓಝೋನ್ ಪದರವನ್ನು ಒಡೆಯುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು, ಭಾರತ 1992ರಲ್ಲಿ ಸೇರಿತು. ನಮ್ಮಲ್ಲಿ 2000ದ ಓಝೋನ್ ನಿಯಮಗಳ ಪ್ರಕಾರ 2003ರ ಜನವರಿ 1ರ ನಂತರ ಹೊಸ ಉಪಕರಣಗಳ ತಯಾರಿಕೆಯಲ್ಲಿ ಇಂಥ ಗ್ಯಾಸ್ ಬಳಸುವಂತಿಲ್ಲ. 2008ರ ಆಗಸ್ಟ್ 1ರಿಂದ ದೇಶದಲ್ಲಿ ಇದರ ಉತ್ಪಾದನೆಯೂ ನಿಂತಿದೆ. ಅಸ್ತಮಾ ರೋಗಿಗಳ ಇನ್ಹೇಲರ್‌ನಂಥ ವೈದ್ಯಕೀಯ ಬಳಕೆಗೆ ಮಾತ್ರ ಕೆಲಕಾಲ ರಿಯಾಯಿತಿ ಇತ್ತು. ಹಾಗಾಗಿ ಇವತ್ತು ಯಾರಾದರೂ "ಒರಿಜಿನಲ್ 12 ಐತಿ" ಅಂದರೆ ಅದು ಎಷ್ಟು ಹಳೆಯದು, ಎಲ್ಲಿಂದ ಬಂತು, ಒಳಗೆ ನಿಜಕ್ಕೂ ಏನಿದೆ ಎಂದು ಕೇಳಲೇಬೇಕು.

ಇದರ ಜಾಗಕ್ಕೆ ಬಂದದ್ದು ಆರ್-134ಎ. ಇದರಲ್ಲಿ ಕ್ಲೋರಿನ್ ಇಲ್ಲ, ಓಝೋನ್‌ಗೆ ಹಾನಿಯಿಲ್ಲ. ಆದರೆ ಭೂಮಿ ಬಿಸಿಯೇರಿಸುವುದರಲ್ಲಿ ಇದೂ ಕಡಿಮೆಯಿಲ್ಲ. 100 ವರ್ಷದ ಲೆಕ್ಕದಲ್ಲಿ ಒಂದು ಕಿಲೋ 134ಎ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಆರ್-12 ಹತ್ತು ಸಾವಿರ ಕಿಲೋಗೂ ಮೇಲೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ 134ಎ ಹಾಕುವಂತಿಲ್ಲ, ಅಲ್ಲಿ ಆರ್-1234ವೈಎಫ್ ಬಂದಿದೆ. "ಹಂಗಾದ್ರ ಅದನ್ನೇ ಹಾಕಿಸಿದ್ರ ಆತಲ್ಲ?" ಅನ್ನಬೇಡಿ. ಅದು ದುಬಾರಿ, ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವೂ ಇದೆ, ಹಳೆ ಕಾರಿಗೆ ಹೇಳಿ ಮಾಡಿಸಿದ್ದಲ್ಲ. ಕಿಗಾಲಿ ತಿದ್ದುಪಡಿಯಂತೆ ಭಾರತ 134ಎ ಜಾತಿಯ ಗ್ಯಾಸ್‌ಗಳನ್ನು ಇಳಿಸುತ್ತಾ ಹೋಗುವುದು 2032ರಿಂದ, ಅದೂ ಹಂತ ಹಂತವಾಗಿ. ಅಲ್ಲಿಯವರೆಗೆ, ಆಮೇಲೂ ಕೆಲವು ವರ್ಷ, 134ಎ ಸಿಗುತ್ತದೆ.

ನಿಮ್ಮ ಕಾರಿನಲ್ಲಿ ಇರೋದು ಯಾವ ಗ್ಯಾಸ್?

ಮೊದಲು ಬಾನೆಟ್ ಒಳಗಡೆ ಸ್ಟಿಕ್ಕರ್ ಹುಡುಕಿ. ಗ್ಯಾಸಿನ ಹೆಸರು, ಎಷ್ಟು ಗ್ರಾಂ ಎಂಬುದು ಅಲ್ಲೇ ಇರುತ್ತದೆ. ಸ್ಟಿಕ್ಕರ್ ಹರಿದುಹೋಗಿದ್ದರೆ ಗ್ಯಾಸ್ ತುಂಬುವ ಬಾಯಿ ನೋಡಿ. ಕ್ಯಾಪ್ ತೆಗೆದಾಗ ಹೊರಮೈಗೆ ಸ್ಕ್ರೂ ಥ್ರೆಡ್ ಕಂಡರೆ ಅದು ಹಳೆ ಆರ್-12 ಬಾಯಿ. 134ಎ ಬಾಯಿಗೆ ಹೊರಗಡೆ ಥ್ರೆಡ್ ಇರಲ್ಲ, ಪೈಪಿನ ಕಪ್ಲರ್ 'ಟಕ್' ಅಂತ ಒತ್ತಿ ಕೂರುತ್ತದೆ. ಲೋ ಸೈಡ್ 13 ಮಿ.ಮೀ., ಹೈ ಸೈಡ್ 16 ಮಿ.ಮೀ. ಅದಲು ಬದಲು ಆಗಬಾರದು ಅಂತಲೇ ಬೇರೆ ಬೇರೆ ಅಳತೆ. ಆದರೆ ಮೂರ್ನಾಲ್ಕು ಕೈ ಬದಲಾದ ಕಾರುಗಳಲ್ಲಿ ಹಳೆ ಬಾಯಿಯಲ್ಲೇ 134 ತುಂಬಿರುವುದೂ ಉಂಟು. ಅಂಥ ಕಾರಿನೊಳಗೆ ಎರಡೂ ಬೆರೆತಿರಬಹುದು. ಅದನ್ನು ಪೂರ್ತಿ ತೆಗೆದು ಮೊದಲಿಂದ ಶುರು ಮಾಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಇನ್ನೊಂದು ಮಾತು. ಎಸಿ ತಣ್ಣಗಾಗುತ್ತಿಲ್ಲ ಅಂದ ಮಾತ್ರಕ್ಕೆ ಗ್ಯಾಸೇ ಕಾರಣ ಅಲ್ಲ. ಭತ್ತದ ಸೀಸನ್‌ನಲ್ಲಿ ನಮ್ಮ ಕಡೆ ಗಾಳಿಯಲ್ಲಿ ಹೊಟ್ಟು, ಧೂಳು ಎಷ್ಟಿರುತ್ತದೆ ಗೊತ್ತಲ್ಲ. ಅದು ಹೋಗಿ ಕಂಡೆನ್ಸರ್ ಜಾಲರಿಯಲ್ಲಿ ಕೂರುತ್ತದೆ. ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯಾ, ಬೆಲ್ಟ್ ಸಡಿಲ ಆಗಿದೆಯಾ, ಕಂಪ್ರೆಸರ್ ಕ್ಲಚ್ ಹಿಡಿಯುತ್ತಿದೆಯಾ, ಇಷ್ಟು ನೋಡಿಸಿ. ಜಾಲರಿಗೆ ಮೆಲ್ಲಗೆ ನೀರು ಬಿಟ್ಟು ತೊಳೆಸಿದ ಮೇಲೂ ತಣ್ಣಗಾಗದಿದ್ದರೆ ಆಗ ಗ್ಯಾಸಿನ ಮಾತು.

ಗ್ಯಾಸ್ ಖಾಲಿಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಪೆಟ್ರೋಲ್ ಥರ ಅದು ಖರ್ಚಾಗುವ ವಸ್ತುವಲ್ಲ, ಒಳಗೇ ಸುತ್ತುತ್ತಿರುತ್ತದೆ. ಲೀಕ್ ಹುಡುಕದೆ "ಪ್ರತಿ ಬೇಸಿಗೆಗೆ ಒಮ್ಮೆ ಹೊಡೆಸ್ರಿ" ಅನ್ನೋ ಗ್ಯಾರೇಜು ನಿಮ್ಮ ಲೀಕನ್ನೇ ತಮ್ಮ ಆದಾಯ ಮಾಡಿಕೊಂಡಿದೆ.

ಅಸಲು ವಿಷಯ ಎಣ್ಣೆ

ಕಂಪ್ರೆಸರ್‌ಗೆ ಎಂಜಿನ್ ಥರ ಬೇರೆ ಆಯಿಲ್ ಪಂಪ್ ವ್ಯವಸ್ಥೆ ಹೆಚ್ಚಾಗಿ ಇರುವುದಿಲ್ಲ. ಎಣ್ಣೆ ಗ್ಯಾಸಿನ ಜೊತೆ ಬೆರೆತು ಇಡೀ ಪೈಪುಗಳಲ್ಲಿ ಸುತ್ತಿ ಮತ್ತೆ ಕಂಪ್ರೆಸರ್‌ಗೆ ಬರುತ್ತದೆ. ಆರ್-12 ಜೊತೆ ಮಿನರಲ್ ಎಣ್ಣೆ ಚೆನ್ನಾಗಿ ಬೆರೆಯುತ್ತದೆ. ಅದೇ ಎಣ್ಣೆ 134ಎ ಜೊತೆ ಬೆರೆಯುವುದಿಲ್ಲ. ಗ್ಯಾಸ್ ಮುಂದೆ ಹೋಗುತ್ತದೆ, ಎಣ್ಣೆ ಕೂಲಿಂಗ್ ಕಾಯಿಲ್‌ನಲ್ಲೋ ಕಂಡೆನ್ಸರ್ ತಳದಲ್ಲೋ ಕೂತುಬಿಡುತ್ತದೆ. ಕಂಪ್ರೆಸರ್ ಒಣಗಿ ಓಡುತ್ತದೆ. ಒಳಗೆ ಸವೆದ ಲೋಹದ ಪುಡಿ ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್, ಕಂಡೆನ್ಸರ್ ಎಲ್ಲಾ ಕಡೆ ಹರಡುತ್ತದೆ. ಆಮೇಲೆ ಬರೀ ಕಂಪ್ರೆಸರ್ ಬದಲಿಸಿದರೂ ಆ ಪುಡಿ ಹೊಸದನ್ನೂ ತಿನ್ನುತ್ತದೆ.

134ಎ ಗೆ ಬೇಕಾದ್ದು ಪಿಎಜಿ ಅಥವಾ ಪಿಒಇ ಎಣ್ಣೆ. ಪಿಒಇಯನ್ನು ಎಸ್ಟರ್ ಎಣ್ಣೆ ಅಂತಲೂ ಕರೆಯುತ್ತಾರೆ. ಹೊಸ ಕಾರುಗಳಲ್ಲಿ ಪಿಎಜಿ ಇರುತ್ತದೆ. ಆದರೆ ಹಳೆ ಆರ್-12 ಕಾರಿನಲ್ಲಿ ಎಷ್ಟು ತೊಳೆದರೂ ಸ್ವಲ್ಪ ಮಿನರಲ್ ಎಣ್ಣೆ, ಸ್ವಲ್ಪ ಕ್ಲೋರಿನ್ ಅಂಶ ಉಳಿದೇ ಉಳಿಯುತ್ತದೆ. ಅದನ್ನು ಪಿಎಜಿಗಿಂತ ಎಸ್ಟರ್ ಚೆನ್ನಾಗಿ ತಡೆದುಕೊಳ್ಳುತ್ತದೆ. ಹಾಗಾಗಿ ಹಳೆ ಕಂಪ್ರೆಸರ್ ಉಳಿಸಿಕೊಂಡು ಗ್ಯಾಸ್ ಬದಲಿಸುವಾಗ ಎಸ್ಟರ್ ಮೇಲು. ಹೊಸ ಕಂಪ್ರೆಸರ್ ಹಾಕಿಸುತ್ತಿದ್ದರೆ ಅದರ ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ.

ಕಂಪ್ರೆಸರ್ ಬಿಚ್ಚಿ, ತಲೆಕೆಳಗು ಮಾಡಿ ಹಳೆ ಎಣ್ಣೆ ಬಸಿಯಬೇಕು. ಬಂದ ಎಣ್ಣೆಯ ಬಣ್ಣ ನೋಡಿ. ತಿಳಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ, ಬೆಳ್ಳಿ ಪುಡಿಯಂಥದ್ದು ಹೊಳೆಯುತ್ತಿದ್ದರೆ ಆ ಕಂಪ್ರೆಸರ್ ಮೇಲೆ ದುಡ್ಡು ಹಾಕಬೇಡಿ. ಪೈಪು, ಕಾಯಿಲ್‌ಗಳನ್ನು ಎಸಿಗೆಂದೇ ಬರುವ ಫ್ಲಶಿಂಗ್ ದ್ರಾವಣದಲ್ಲಿ ತೊಳೆದು ಒಣ ನೈಟ್ರೋಜನ್ ಬಿಟ್ಟು ಊದಬೇಕು. ಪೆಟ್ರೋಲ್, ಸೀಮೆಎಣ್ಣೆ ಹಾಕಿ ತೊಳೆಯುವ ರೂಢಿ ಕೆಲವು ಕಡೆ ಇದೆ, ಅದು ಬೇಡ. ಅದರ ಜಿಡ್ಡು ಒಳಗೇ ಉಳಿಯುತ್ತದೆ, ರಬ್ಬರ್ ಹಾಳು, ಬೆಂಕಿಯ ಅಪಾಯ ಬೇರೆ.

ಡ್ರೈಯರ್, ಓ-ರಿಂಗ್, ಪೈಪು

ಡ್ರೈಯರ್ ಬಾಟಲಿಯನ್ನು ಕಣ್ಣುಮುಚ್ಚಿ ಬದಲಿಸಿ. ಅದರೊಳಗಿನ ಹರಳು ನೀರಿನ ತೇವ ಹೀರುವುದಕ್ಕೆ ಇರೋದು. ಹಳೆ ಬಾಟಲಿಯ ಹರಳಿಗೆ 134ಎ ಜೊತೆ ಹೊಂದಿಕೆಯಾಗಲ್ಲ. 134ಎ ಗೆ ಆಗುವಂಥದ್ದು ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಜಾತಿಯ ಹರಳು. ಹೊಸ ಡ್ರೈಯರ್‌ನ ಕ್ಯಾಪ್ ಕೊನೆಯ ಗಳಿಗೆಯಲ್ಲೇ ತೆಗೆಯಬೇಕು. ಬೆಳಿಗ್ಗೆ ಕ್ಯಾಪ್ ತೆಗೆದು ಬೆಂಚಿನ ಮೇಲಿಟ್ಟು ಸಂಜೆ ಜೋಡಿಸಿದರೆ ಅಷ್ಟರಲ್ಲಿ ಅದು ಗಾಳಿಯ ತೇವ ಹೀರಿ ಕೆಲಸ ಮುಗಿಸಿರುತ್ತದೆ.

ಬಿಚ್ಚಿದ ಪ್ರತಿ ಜಾಯಿಂಟಿಗೂ ಹೊಸ ಓ-ರಿಂಗ್. 134ಎ ಗೆ ಆಗುವ ಎಚ್‌ಎನ್‌ಬಿಆರ್ ರಿಂಗ್‌ಗಳು ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಬರುತ್ತವೆ. ಆದರೆ ಬಣ್ಣ ಒಂದನ್ನೇ ನಂಬದೆ ಪ್ಯಾಕೆಟ್ ಮೇಲೆ ಓದಿ. ರಬ್ಬರ್ ಹೋಸ್‌ಗಳದ್ದು ಸ್ವಲ್ಪ ಚರ್ಚೆಯ ವಿಷಯ. 134ಎ ಅಣು ಸಣ್ಣದು, ಹಳೆ ಥರದ ಹೋಸ್‌ನಲ್ಲಿ ನಿಧಾನವಾಗಿ ಜಿನುಗುತ್ತದೆ. ಹಾಗಂತ ಎಲ್ಲಾ ಹೋಸ್ ಬದಲಿಸಲೇಬೇಕು ಅಂತಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದ ರಬ್ಬರ್ ತಾನೇ ಸ್ವಲ್ಪ ತಡೆ ಒಡ್ಡುತ್ತದೆ. ಬಿರುಕಿಲ್ಲದೆ, ಜಾಯಿಂಟಿನಲ್ಲಿ ಎಣ್ಣೆಜಿಡ್ಡು ಕಾಣದಿದ್ದರೆ ಇರಲಿ ಬಿಡಿ. ಬಿರುಕು ಬಿಟ್ಟಿದ್ದರೆ ಬ್ಯಾರಿಯರ್ ಹೋಸ್ ಹಾಕಿಸಿ.

ಗ್ಯಾಸ್ ತುಂಬುವ ಬಾಯಿಗೆ 134ಎ ಅಡಾಪ್ಟರ್ ಕೂರಿಸಿ, ಮತ್ತೆ ಬಿಚ್ಚದಂತೆ ಬಿಗಿ ಮಾಡಿಸಿ. ಮುಂದೆ ಇನ್ಯಾರೋ ಬಂದು ಹಳೆ ಗ್ಯಾಸ್ ಬೆರೆಸದಿರಲಿ ಅಂತ.

ರಾಯಚೂರು ಬಿಸಿಲಿಗೆ ಕಂಡೆನ್ಸರ್ ತಡೆಯುತ್ತಾ?

ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಕನ್ವರ್ಷನ್ ನಮ್ಮಲ್ಲಿ ಯಾಕೆ ಸೋಲುತ್ತದೆ ಅನ್ನೋದು ಇಲ್ಲಿದೆ. ಸುಮಾರು 17-18 ಡಿಗ್ರಿಯಲ್ಲಿ ಎರಡೂ ಗ್ಯಾಸ್‌ಗಳ ಒತ್ತಡ ಸಮ. ಅದಕ್ಕಿಂತ ಬಿಸಿಯಾದಂತೆ 134ಎ ಒತ್ತಡ ಆರ್-12ಗಿಂತ ಹೆಚ್ಚುತ್ತಾ ಹೋಗುತ್ತದೆ. ಕಂಡೆನ್ಸರ್ ಒಳಗೆ 60 ಡಿಗ್ರಿ ಇದ್ದಾಗ ಆರ್-12 ಸುಮಾರು 206 ಪಿಎಸ್‌ಐ ತೋರಿಸಿದರೆ 134ಎ ಸುಮಾರು 229. ಹೊರಗೆ 42-43 ಡಿಗ್ರಿ, ಕಾರು ರೈಲ್ವೆ ಗೇಟ್ ಮುಂದೆ ನಿಂತಿದೆ, ಗಾಳಿಯಿಲ್ಲ, ಕೆಳಗೆ ರಸ್ತೆ ಕಾದಿದೆ ಅಂದಾಗ ಇದು ಇನ್ನೂ ಏರುತ್ತದೆ. ಕಂಪ್ರೆಸರ್ ಮೇಲೆ ಭಾರ, ಎಂಜಿನ್ ಹೀಟ್, ಒಳಗೆ ತಂಪು ಕಡಿಮೆ.

ಹಳೆ ಕಾರುಗಳ ಕಂಡೆನ್ಸರ್ ಹಾವಿನ ಥರ ಒಂದೇ ಪೈಪು ಸುತ್ತಿ ಬರುವಂಥದ್ದು. ಹೊಸ ಪ್ಯಾರಲಲ್ ಫ್ಲೋ ಕಂಡೆನ್ಸರ್‌ನಲ್ಲಿ ಹಲವು ಸಣ್ಣ ಚಪ್ಪಟೆ ಪೈಪುಗಳಲ್ಲಿ ಗ್ಯಾಸ್ ಹರಿಯುವುದರಿಂದ ಶಾಖ ಬೇಗ ಹೋಗುತ್ತದೆ. ಜಾಗ ಹೊಂದಿದರೆ ಅದನ್ನು ಹಾಕಿಸುವುದು ನಮ್ಮ ಜಿಲ್ಲೆಯ ಮಟ್ಟಿಗೆ ಒಳ್ಳೆಯ ಖರ್ಚು. ಅದಾಗದಿದ್ದರೆ ಕನಿಷ್ಠ ಮುಂದೆ ಒಂದು ಒಳ್ಳೆ ಎಲೆಕ್ಟ್ರಿಕ್ ಫ್ಯಾನ್. ಒತ್ತಡ ಮಿತಿ ಮೀರಿದಾಗ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಸ್ವಿಚ್ ಹಳೆ ಕಾರಿನಲ್ಲಿ ಇಲ್ಲದಿದ್ದರೆ ಅದನ್ನೂ ಸೇರಿಸಿ. ಇದು ಬಿಟ್ಟರೂ ನಡೆಯುತ್ತೆ ಅನ್ನುವಂಥದ್ದಲ್ಲ.

ವ್ಯಾಕ್ಯೂಮ್ ಮತ್ತು ತೂಕ

ಎಲ್ಲಾ ಜೋಡಿಸಿದ ಮೇಲೆ ಒಣ ನೈಟ್ರೋಜನ್ ತುಂಬಿ ಸೋಪುನೀರು ಹಚ್ಚಿ ಲೀಕ್ ನೋಡಬೇಕು. ವೆಲ್ಡಿಂಗ್ ಶಾಪಿನ ಆಕ್ಸಿಜನ್ ಸಿಲಿಂಡರ್ ಇದಕ್ಕೆ ಖಂಡಿತ ಬಳಸಬಾರದು. ಒತ್ತಡದ ಆಕ್ಸಿಜನ್ ಎಣ್ಣೆ ಮುಟ್ಟಿದರೆ ಸ್ಫೋಟವಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಅದರಲ್ಲಿ ತೇವ ಇರುತ್ತದೆ.

ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಕನಿಷ್ಠ 30ರಿಂದ 45 ನಿಮಿಷ ಒಳಗಿನ ಗಾಳಿ ಎಳೆಯಬೇಕು. ಗಾಳಿ ತೆಗೆಯುವುದಷ್ಟೇ ಅಲ್ಲ, ಒತ್ತಡ ಅಷ್ಟು ಇಳಿದಾಗ ಒಳಗಿನ ನೀರಿನ ತೇವ ಮಾಮೂಲಿ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ತೇವ ಉಳಿದರೆ ಎಕ್ಸ್‌ಪಾನ್ಷನ್ ವಾಲ್ವ್ ಬಾಯಲ್ಲಿ ಮಂಜುಗಟ್ಟುತ್ತದೆ. ಹತ್ತು ನಿಮಿಷ ತಣ್ಣಗೆ, ಹತ್ತು ನಿಮಿಷ ಬಿಸಿ ಗಾಳಿ ಎಂಬ ಕಣ್ಣಾಮುಚ್ಚಾಲೆ ಶುರುವಾಗುವುದು ಹೀಗೆ. ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿದ ಮೇಲೆ ಅರ್ಧ ಗಂಟೆ ಮುಳ್ಳು ಅಲ್ಲಾಡದೆ ನಿಂತರೆ ಮುಂದಿನ ಕೆಲಸ. ಪಂಪೇ ಇಲ್ಲದ, ಫ್ರಿಜ್ ಕಂಪ್ರೆಸರ್ ಇಟ್ಟುಕೊಂಡು ಐದು ನಿಮಿಷ ಎಳೆಯುವ ಕಡೆ ಈ ಕೆಲಸ ಕೊಡಬೇಡಿ. ಪೂರ್ತಿ ಗಂಟೆ ಕಾದು ಕೂರುವಷ್ಟು ವ್ಯವಧಾನ ನಿಮಗೂ ಇರಬೇಕು.

ತುಂಬುವಾಗ ತೂಕ ಮುಖ್ಯ. 134ಎ ಹಳೆ ಗ್ಯಾಸಿನ 80ರಿಂದ 90 ಪರ್ಸೆಂಟ್ ಸಾಕು. ಉದಾಹರಣೆಗೆ ಸ್ಟಿಕ್ಕರ್‌ನಲ್ಲಿ ಆರ್-12 700 ಗ್ರಾಂ ಅಂತಿದ್ದರೆ 134ಎ 560ರಿಂದ 630 ಗ್ರಾಂ. ಕಡಿಮೆಯಿಂದ ಶುರು ಮಾಡಿ, ಕೆಂಪು-ನೀಲಿ ಮೀಟರ್ ನೋಡುತ್ತಾ ಸ್ವಲ್ಪ ಸ್ವಲ್ಪ ಸೇರಿಸಬೇಕು. ಡ್ರೈಯರ್ ಮೇಲಿನ ಗಾಜಿನ ಕಣ್ಣಿನಲ್ಲಿ ಗುಳ್ಳೆ ಹೋಗುವವರೆಗೆ ತುಂಬುವುದು ಆರ್-12 ಕಾಲದ ಪದ್ಧತಿ. ಅದೇ ಲೆಕ್ಕದಲ್ಲಿ 134ಎ ತುಂಬಿದರೆ ಓವರ್ ಆಗುತ್ತದೆ. ಜಾಸ್ತಿ ಗ್ಯಾಸ್ ಅಂದರೆ ಜಾಸ್ತಿ ತಂಪು ಅಲ್ಲ, ಉಲ್ಟಾ. ತೂಕದ ಯಂತ್ರ ಇಲ್ಲದ ಗ್ಯಾರೇಜಿನಲ್ಲಿ ಪಕ್ಕದ ಕಿರಾಣಿ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದರೂ ಅಡ್ಡಿಯಿಲ್ಲ.

ಎಂಜಿನ್ ಓಡುತ್ತಿರುವಾಗ ಲೋ ಸೈಡ್‌ನಿಂದ ಮಾತ್ರ, ಡಬ್ಬಿ ನೆಟ್ಟಗೆ ಹಿಡಿದು ತುಂಬಬೇಕು. ಆಗ ಹೈ ಸೈಡ್ ವಾಲ್ವ್ ತೆರೆದರೆ ಆ ಒತ್ತಡ ಡಬ್ಬಿಗೆ ನುಗ್ಗಿ ಡಬ್ಬಿ ಕೈಯಲ್ಲೇ ಒಡೆಯಬಹುದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಹಳೆ ಆರ್-12 ಇನ್ನೂ ಒಳಗಿದ್ದರೆ ಗಾಳಿಗೆ ಬಿಡದೆ ರಿಕವರಿ ಯಂತ್ರ ಇರುವವರ ಹತ್ತಿರ ಸಿಲಿಂಡರ್‌ಗೆ ತೆಗೆಸಿ. ಅದರ ಹತ್ತಿರ ಬೀಡಿ, ಗ್ಯಾಸ್ ಟಾರ್ಚ್ ಬೇಡ. ಬೆಂಕಿಗೆ ತಾಗಿದರೆ ಆರ್-12 ವಿಷಗಾಳಿಯಾಗುತ್ತದೆ.

ಅಡುಗೆ ಗ್ಯಾಸ್, ಅಗ್ಗದ ಡಬ್ಬಿ

"ಎಲ್‌ಪಿಜಿ ಹಾಕಿದ್ರೂ ತಣ್ಣಗಾಗ್ತದಂತಲ್ರೀ?" ಎಂದು ಕೇಳುವವರಿದ್ದಾರೆ. ತಣ್ಣಗಾಗುತ್ತದೆ, ಸುಳ್ಳಲ್ಲ. ಪ್ರೊಪೇನ್, ಬ್ಯುಟೇನ್ ಒಳ್ಳೆ ಶೀತಕಗಳೇ. ಆದರೆ ಕಾರಿನ ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡ್ ಒಳಗೆ, ನಿಮ್ಮ ಮೊಣಕಾಲಿನ ಎದುರಿಗೆ. ಅಲ್ಲಿ ಸೋರಿದರೆ ಗಾಜು ಏರಿಸಿದ ಕಾರಿನೊಳಗೆ ಅಡುಗೆ ಗ್ಯಾಸ್ ತುಂಬುತ್ತದೆ. ಒಂದು ಸ್ವಿಚ್ಚಿನ ಕಿಡಿ ಸಾಕು. ಮನೆ ಸಿಲಿಂಡರನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೂ ಒಂದು ಮಾತು. 134ಎ ಹೆಸರಿನ ಡಬ್ಬಿಯಲ್ಲಿ ಬೇರೇನೋ ತುಂಬಿ ಮಾರುವ ದಂಧೆ ಜಗತ್ತಿನಾದ್ಯಂತ ನಡೆದಿದೆ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಸ್ಫೋಟಗೊಂಡು ಕೆಲಸಗಾರರು ಸತ್ತಿದ್ದರು. ಅವುಗಳಲ್ಲಿ ತುಂಬಿದ್ದ ನಕಲಿ 134ಎ ಯಲ್ಲಿ ಆರ್-40, ಅಂದರೆ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯುಮಿನಿಯಂ ಜೊತೆ ಸೇರಿ, ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಕಾರಿನ ಕಂಡೆನ್ಸರ್ ಕೂಡ ಅಲ್ಯುಮಿನಿಯಂ. ಹಾಗಾಗಿ ಬಿಲ್ ಇಲ್ಲದ, ಬ್ಯಾಚ್ ನಂಬರ್ ಇಲ್ಲದ, ಪೇಟೆ ದರಕ್ಕಿಂತ ತೀರಾ ಅಗ್ಗಕ್ಕೆ ಬರುವ ಮಾಲು ಇಡಬೇಡಿ. ಡಬ್ಬಿಯ ಬಣ್ಣ ನೋಡಿ ಮೋಸ ಹೋಗಬೇಡಿ, ತಿಳಿನೀಲಿ ಪೇಂಟ್ ಯಾರು ಬೇಕಾದರೂ ಹೊಡೆಯಬಹುದು. ಪಿಎಜಿ, ಎಸ್ಟರ್ ಎಣ್ಣೆಗಳನ್ನು ಸಣ್ಣ ಸೀಲ್ಡ್ ಟಿನ್‌ನಲ್ಲೇ ಮಾರಿ. ತೆರೆದಿಟ್ಟ ಟಿನ್‌ನಿಂದ ಲೂಸ್ ಅಳೆದು ಕೊಟ್ಟರೆ, ತೇವ ಹೀರಿದ ಆ ಎಣ್ಣೆ ಗಿರಾಕಿಯ ಕಂಪ್ರೆಸರ್‌ಗೆ ಹೋಗುತ್ತದೆ.

ಯಾರಿಗೆ ಲಾಭ, ಯಾರಿಗೆ ಬೇಡ?

ಕಂಪ್ರೆಸರ್ ಸದ್ದಿಲ್ಲದೆ ತಿರುಗುತ್ತಿದೆ, ಕೂಲಿಂಗ್ ಕಾಯಿಲ್ ಸೋರುತ್ತಿಲ್ಲ, ಎಂಜಿನ್ ಗಟ್ಟಿಯಿದೆ ಅಂದರೆ ಕನ್ವರ್ಷನ್ ಮಾಡಿಸಿ. ಕಂಪ್ರೆಸರ್, ಕಾಯಿಲ್ ಎರಡೂ ಹೋಗಿದ್ದರೆ ಬಿಡಿಭಾಗ ಒಂದೊಂದಾಗಿ ಹುಡುಕುವ ಬದಲು 134ಎ ಗೆಂದೇ ತಯಾರಾದ ಪೂರ್ತಿ ಸೆಟ್ ಎಷ್ಟಾಗುತ್ತದೆ ಎಂದು ವಿಚಾರಿಸಿ. ಇದಕ್ಕೂ ಮುಂಚೆ ಆರ್‌ಸಿ ತೆಗೆದು ನೋಡಿ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಜೊತೆಗೆ ಹಸಿರು ತೆರಿಗೆ. ಅದರ ಗಡುವು ಹತ್ತಿರವಿದ್ದರೆ ಮೊದಲು ಆರ್‌ಟಿಒ ಕೆಲಸ, ಆಮೇಲೆ ಎಸಿ.

ಒಂದು ನಿರೀಕ್ಷೆಯನ್ನೂ ಮೊದಲೇ ಇಳಿಸಿಕೊಳ್ಳಿ. ಸರಿಯಾಗಿ ಮಾಡಿದ ಕನ್ವರ್ಷನ್‌ನಲ್ಲೂ ಕಾರು ಓಡುವಾಗ ತಂಪು ಹಿಂದಿನಷ್ಟೇ ಇರುತ್ತದೆ, ನಿಂತಾಗ ಒಂದು ಕೈ ಕಡಿಮೆ ಅನ್ನಿಸಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮೊದಲ ಐದು ನಿಮಿಷ ಗಾಜು ಇಳಿಸಿ ಓಡಿಸಿ, ಆಮೇಲೆ ಒಳಗಾಳಿ ಸುತ್ತುವ ಗುಂಡಿ ಒತ್ತಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕೆಲಸ ಕೊಡುವ ಮುಂಚೆ ದರ ಬಾಯಿಮಾತಲ್ಲಿ ಬೇಡ, ಚೀಟಿಯಲ್ಲಿ ಬರೆಸಿಕೊಳ್ಳಿ. ಡ್ರೈಯರ್, ಓ-ರಿಂಗ್, ಎಣ್ಣೆ, ಫ್ಲಶಿಂಗ್, ಗ್ಯಾಸ್, ಕೂಲಿ ಬೇರೆ ಬೇರೆ ಸಾಲಿನಲ್ಲಿ ಇರಲಿ. ಬರೀ 'ಗ್ಯಾಸ್ ಚಾರ್ಜಿಂಗ್' ಅಂತ ಒಂದೇ ಸಾಲು ಬಂದರೆ ಉಳಿದದ್ದು ಆಗುವುದಿಲ್ಲ ಎಂದುಕೊಳ್ಳಿ. ಬಿಚ್ಚಿದ ಹಳೆ ಡ್ರೈಯರ್ ಕೇಳಿ ಇಸ್ಕೊಳ್ಳಿ. ಎಲ್ಲಾ ಮುಗಿದ ಮೇಲೆ ಬಾನೆಟ್ ಒಳಗೆ ಹಳೆ ಸ್ಟಿಕ್ಕರ್ ಮೇಲೆ ಹೊಸದು ಅಂಟಿಸಿ: ಗ್ಯಾಸ್ ಆರ್-134ಎ, ಇಷ್ಟು ಗ್ರಾಂ, ಎಣ್ಣೆ ಇಂಥದ್ದು, ತಾರೀಖು, ಗ್ಯಾರೇಜಿನ ಹೆಸರು. ಶಾಯಿ ಪೆನ್ ಬೇಡ, ಎಂಜಿನ್ ಶಾಖಕ್ಕೆ ಅಳಿಸಿಹೋಗುತ್ತದೆ, ಮಾರ್ಕರ್‌ನಲ್ಲಿ ಬರೆಸಿ.